ಮಾತ್ರೆ ಯಾವಾಗ ನಿಲ್ಲಿಸಬೇಕು ಎಂದು ಹೇಳುವವರು ಯಾರು?

ಪ್ರಶ್ನೆ: ನನ್ನ ಅಮ್ಮನಿಗೆ ಎಪ್ಪತ್ತು ದಾಟಿದೆ. ಬಿಪಿ ಮಾತ್ರೆಯನ್ನು ಡಾಕ್ಟ್ರು ಐದರಿಂದ ಹತ್ತು ಮಿಲಿಗ್ರಾಂಗೆ ಏರಿಸಿದ ಮೇಲೆ ಎರಡೂ ಪಾದ ಬಾತುಕೊಂಡವು. ಕಿಡ್ನಿಗೆ ಏನೋ ಆಯಿತೆಂದು ಹೆದರಿ ರಕ್ತ, ಮೂತ್ರ, ಸ್ಕ್ಯಾನಿಂಗ್ ಎಲ್ಲ ಮಾಡಿಸಿದೆವು. ಏನೂ ಸಿಗಲಿಲ್ಲ. ಕೊನೆಗೆ ನೀರು ಇಳಿಸಲೆಂದು ಇನ್ನೊಂದು ಮಾತ್ರೆ ಸೇರಿತು. ಮೊನ್ನೆ ಮನೆಗೆ ಬಂದಿದ್ದ ನರ್ಸಿಂಗ್ ಓದುವ ಸೋದರಸೊಸೆ, ‘ಅತ್ತೆ, ಇದು ಆ ಮಾತ್ರೆಯಿಂದಲೇ ಬರುವ ಬಾವು’ ಎಂದಳು. ಇದನ್ನು ನಮಗೆ ಮೊದಲೇ ಯಾಕೆ ಯಾರೂ ಹೇಳಲಿಲ್ಲ? ಮೆಡಿಕಲ್‌ನಲ್ಲಿ ಸ್ಟ್ರಿಪ್ ಕತ್ತರಿಸಿ ಕಾಗದದ ಕವರಿಗೆ ಹಾಕಿ ಕೊಡುತ್ತಾರೆ, ಚೀಟಿಯೂ ಇಲ್ಲ, ಮಾತೂ ಇಲ್ಲ. ನಾವು ನುಂಗುವ ಮದ್ದಿನ ಅಡ್ಡಪರಿಣಾಮ ತಿಳಿಯುವ ಹಕ್ಕು ನಮಗೆ ಇದೆಯೇ? ಇದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಕೇಳಬಹುದೇ?
(ಓದುಗರೊಬ್ಬರು, ಉರ್ವ, ಮಂಗಳೂರು)

ಉತ್ತರ: ಮೊದಲು ಅಮ್ಮನ ಕಾಲಿನ ವಿಷಯ ಮುಗಿಸೋಣ. ಮಾತ್ರೆಯ ಹೆಸರು ನೀವು ಬರೆದಿಲ್ಲ. ಐದು, ಹತ್ತು ಮಿಲಿಗ್ರಾಂ ಎಂಬ ಲೆಕ್ಕ ನೋಡಿದರೆ ಅದು ಬಹುಶಃ ಆಮ್ಲೊಡಿಪಿನ್. ನಮ್ಮಲ್ಲಿ ಅತಿ ಹೆಚ್ಚು ಬರೆಯುವ ಬಿಪಿ ಮದ್ದುಗಳಲ್ಲಿ ಅದೂ ಒಂದು, ಅಗ್ಗದ್ದು, ಒಳ್ಳೆಯದೂ ಹೌದು. ಅದು ರಕ್ತನಾಳಗಳನ್ನು ಸಡಿಲಿಸಿ ಒತ್ತಡ ಇಳಿಸುತ್ತದೆ. ಸಡಿಲವಾಗುವುದು ರಕ್ತ ತರುವ ಸಣ್ಣ ಧಮನಿಗಳು. ರಕ್ತ ಮರಳಿ ಒಯ್ಯುವ ಅಭಿಧಮನಿಗಳು ಅಷ್ಟಾಗಿ ಸಡಿಲವಾಗುವುದಿಲ್ಲ. ಹೀಗಾಗಿ ನಡುವಿನ ಕೂದಲೆಳೆಯಂಥ ನಾಳಗಳಲ್ಲಿ ಒತ್ತಡ ಏರಿ ನೀರಿನಂಶ ಹೊರಗೆ ಜಿನುಗುತ್ತದೆ, ಸಂಜೆಯ ಹೊತ್ತಿಗೆ ಪಾದಕ್ಕೆ ಇಳಿದು ನಿಲ್ಲುತ್ತದೆ. ಪ್ರಮಾಣ ಹೆಚ್ಚಿದಷ್ಟೂ ಬಾವು ಹೆಚ್ಚು; ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಮೈಯಲ್ಲಿ ನೀರು ತುಂಬಿ ಬಂದ ಬಾವಲ್ಲವಾದ್ದರಿಂದ ಮೂತ್ರ ಹೆಚ್ಚಿಸುವ ಮಾತ್ರೆ ಇದಕ್ಕೆ ಹೆಚ್ಚೇನೂ ಮಾಡುವುದಿಲ್ಲ. ಪ್ರಮಾಣ ಇಳಿಸುವುದು, ಬೇರೆ ಗುಂಪಿನ ಮದ್ದು ಜೊತೆಗೆ ಸೇರಿಸುವುದು, ಮದ್ದನ್ನೇ ಬದಲಿಸುವುದು, ಇವೆಲ್ಲ ವೈದ್ಯರ ಕೈಯಲ್ಲಿರುವ ದಾರಿಗಳು. ನೀವಾಗಿಯೇ ನಿಲ್ಲಿಸಬೇಡಿ, ಬಿಪಿ ಏರಿದರೆ ಅದರ ಪೆಟ್ಟು ಪಾದದ ಬಾವಿಗಿಂತ ದೊಡ್ಡದು. ಬರೀ ಒಂದೇ ಕಾಲು ಬಾತರೆ, ಉಬ್ಬಸ ಬಂದರೆ ಅದು ಬೇರೆಯೇ ವಿಷಯ, ತಡಮಾಡದೆ ತೋರಿಸಿ.

ಮದ್ದಿನಿಂದ ಬಂದ ತೊಂದರೆಯನ್ನು ಹೊಸ ಕಾಯಿಲೆ ಎಂದುಕೊಂಡು, ಅದಕ್ಕೊಂದು ಮದ್ದು, ಆ ಮದ್ದಿನ ತೊಂದರೆಗೆ ಮತ್ತೊಂದು. ವಯಸ್ಸಾದವರ ಮಾತ್ರೆಯ ಡಬ್ಬಿ ತುಂಬುವುದು ಹೆಚ್ಚಾಗಿ ಹೀಗೆಯೇ. ರಾಮಿಪ್ರಿಲ್, ಎನಲಾಪ್ರಿಲ್ ಗುಂಪಿನ ಬಿಪಿ ಮಾತ್ರೆಯಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಅದು ಗೊತ್ತಿಲ್ಲದೆ ಸಿರಪ್ಪು, ಕಷಾಯ, ಎದೆಯ ಎಕ್ಸ್‌ರೇ ಎಂದು ತಿಂಗಳುಗಟ್ಟಲೆ ಸುತ್ತಿದವರು ನಿಮ್ಮ ಬೀದಿಯಲ್ಲೇ ಸಿಕ್ಕಾರು. ‘ಇಂಗ್ಲಿಷ್ ಮದ್ದು ಉಷ್ಣ’ ಎಂದು ಎಳನೀರು ಕುಡಿದು ಸುಮ್ಮನಾಗುವವರೂ ಇದ್ದಾರೆ. ಅವರು ಡಾಕ್ಟರ ಮುಂದೆ ಕುಳಿತಾಗಲೂ ಅಷ್ಟನ್ನೇ ಹೇಳಿ ಎದ್ದು ಬರುತ್ತಾರೆ. ಏನು ಉಷ್ಣ, ಎಲ್ಲಿ, ಯಾವ ಮಾತ್ರೆ ನುಂಗಿದ ಮೇಲೆ ಎಂದು ಕೇಳಲು ಆಚೆ ಬದಿಯವರಿಗೂ ಪುರುಸೊತ್ತಿಲ್ಲ.

ಇನ್ನು ಹಕ್ಕಿನ ಪ್ರಶ್ನೆ. ಹಕ್ಕು ಖಂಡಿತ ಇದೆ. ಆದರೆ ಅದು ನೀವು ಹುಡುಕಿದ ಜಾಗದಲ್ಲಿಲ್ಲ.

ಸ್ಟ್ರಿಪ್ಪಿನಿಂದಲೇ ಶುರು ಮಾಡಿ. ವೈದ್ಯರ ಚೀಟಿ ಇಲ್ಲದೆ ಮಾರಬಾರದ ಮದ್ದುಗಳು ಔಷಧ ನಿಯಮಗಳ ‘ಶೆಡ್ಯೂಲ್ ಎಚ್’ ಪಟ್ಟಿಯಲ್ಲಿ ಬರುತ್ತವೆ. ಅವುಗಳ ಹಿಂಬದಿಯಲ್ಲಿ ಎಚ್ಚರಿಕೆಯ ಪೆಟ್ಟಿಗೆ ಇರುತ್ತದೆ. ಅದು ಹೇಳುವುದು, ನೋಂದಾಯಿತ ವೈದ್ಯರ ಚೀಟಿ ಇದ್ದರೆ ಮಾತ್ರ ಮಾರತಕ್ಕದ್ದು ಎಂದು. ಅದು ಅಂಗಡಿಯವರಿಗೆ ಹೇಳಿದ ಮಾತು, ನುಂಗುವವರಿಗಲ್ಲ. ಮದ್ದು ಏನು ಮಾಡಬಲ್ಲದು ಎಂಬುದಿರುವುದು ಪೆಟ್ಟಿಗೆಯೊಳಗೆ ಮಡಚಿಟ್ಟ ತೆಳು ಕಾಗದದಲ್ಲಿ. ಅಂಗಡಿಗೆ ಬರುವ ದೊಡ್ಡ ಪೆಟ್ಟಿಗೆಯಲ್ಲಿ ಹತ್ತಾರು ಸ್ಟ್ರಿಪ್ಪಿಗೆ ಆ ಕಾಗದ ಒಂದೋ ಎರಡೋ. ನಿಮಗೆ ಒಂದು ವಾರದ ಮಾತ್ರೆ ಕತ್ತರಿಸಿ ಕೊಟ್ಟಾಗ ಅದು ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಪೆಟ್ಟಿಗೆ ಖಾಲಿಯಾದಾಗ ರದ್ದಿಗೆ ಹೋಗುತ್ತದೆ. ಕೇಳಿ ಪಡೆದರೂ ಅದನ್ನು ಬರೆದಿರುವುದು ವೈದ್ಯರು ಓದಲೆಂದು, ಇರುವೆ ಸಾಲಿನಂಥ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಇದು ಕಂಪನಿಗಳ ಉದಾಸೀನ ಮಾತ್ರ ಎಂದುಕೊಳ್ಳಬೇಡಿ. ಆ ಕಾಗದದಲ್ಲಿ ಏನೇನಿರಬೇಕು ಎಂದು ಹೇಳುವ ‘ಶೆಡ್ಯೂಲ್ ಡಿ’ಯ ಎರಡನೇ ಭಾಗ, ಅಡ್ಡಪರಿಣಾಮಗಳನ್ನು ಹಾಕಲೇಬೇಕು ಎನ್ನುತ್ತದೆ, ಅದೇ ಉಸಿರಿನಲ್ಲಿ ಭಾಷೆ ಇಂಗ್ಲಿಷ್ ಆಗಿರಬೇಕು ಎಂದೂ ಹೇಳುತ್ತದೆ. ಯುರೋಪಿನಲ್ಲಿ 1992ರಿಂದಲೇ ಪ್ರತಿ ಪೆಟ್ಟಿಗೆಯಲ್ಲಿ ರೋಗಿಗೆಂದೇ ಬರೆದ, ಆಯಾ ದೇಶದ ಭಾಷೆಯ ಚೀಟಿ ಇರಬೇಕೆಂಬ ಕಾನೂನಿದೆ. ಅಷ್ಟು ದೂರವೂ ಬೇಡ, ಗಲ್ಫಿನಲ್ಲಿರುವ ನೆಂಟರು ರಜೆಗೆ ಬರುವಾಗ ತಂದ ಪನಡಾಲ್ ಪೆಟ್ಟಿಗೆ ನಿಮ್ಮ ಮನೆಯ ಕಪಾಟಿನಲ್ಲಿದ್ದರೆ ತೆರೆದು ನೋಡಿ. ಅಲ್ಲಿ ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಚೀಟಿ ಇರುತ್ತದೆ. ನಮ್ಮ ಊರಿನವರು ಅಲ್ಲಿ ಬೆವರು ಸುರಿಸಿ ಕೊಂಡ ತಲೆನೋವಿನ ಮಾತ್ರೆಗೆ ಸಿಗುವ ಮರ್ಯಾದೆ ಇಲ್ಲಿ ಕೊಂಡ ಹೃದಯದ ಮಾತ್ರೆಗೆ ಇಲ್ಲ.

ಈಚೆಗೆ ಕ್ಯೂಆರ್ ಕೋಡ್ ಬಂದಿದೆಯಲ್ಲ ಎನ್ನಬಹುದು. ಹೌದು, 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರಾಂಡ್‌ಗಳ ಮೇಲೆ ಅದು ಕಡ್ಡಾಯ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಮದ್ದಿನ ಮೂಲ ಹೆಸರು, ಬ್ರಾಂಡ್, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ತಯಾರಾದ ದಿನ, ಅವಧಿ ಮುಗಿಯುವ ದಿನ, ಪರವಾನಗಿ ಸಂಖ್ಯೆ ಬರುತ್ತವೆ. ನಕಲಿ ಮದ್ದು ಹಿಡಿಯಲು ಒಳ್ಳೆಯ ಉಪಾಯ. ಕಾಲು ಬಾಯುತ್ತದೆಯೇ, ತಲೆ ತಿರುಗುತ್ತದೆಯೇ ಎಂಬುದು ಅದರಲ್ಲಿ ಇರಬೇಕೆಂದು ನಿಯಮ ಹೇಳಿಲ್ಲ. ಅದೇ ಚೌಕದೊಳಗೆ ಕನ್ನಡದ ಒಂದು ಪುಟಕ್ಕೆ ದಾರಿ ಕೊಡುವುದು ತಾಂತ್ರಿಕವಾಗಿ ಏನೂ ಕಷ್ಟವಲ್ಲ, ಕೇಳುವವರಿಲ್ಲ, ಅಷ್ಟೇ.

ಹಾಗಾದರೆ ಡಾಕ್ಟ್ರೇ ಬರೆದು ಕೊಡಲಿ ಎಂದು ಕೆಲವರು ಕೋರ್ಟಿಗೆ ಹೋದರು. ಮದ್ದಿನ ಚೀಟಿಯ ಜೊತೆಗೆ ಅದರ ಅಪಾಯಗಳನ್ನು ರೋಗಿಯ ಭಾಷೆಯಲ್ಲಿ ಬರೆದುಕೊಡುವುದನ್ನು ಕಡ್ಡಾಯ ಮಾಡಬೇಕು ಎಂಬುದು ಬೇಡಿಕೆ. ದೆಹಲಿ ಹೈಕೋರ್ಟ್ 2024ರ ಮೇ ತಿಂಗಳಲ್ಲಿ ಅದನ್ನು ಒಪ್ಪಲಿಲ್ಲ. ಆ ಹೊಣೆಯನ್ನು ಕಾನೂನು ತಯಾರಕರ ಮೇಲೆ, ಫಾರ್ಮಸಿಸ್ಟರ ಮೇಲೆ ಹಾಕಿದೆ, ಇನ್ನೊಂದು ಆದೇಶ ನಾವು ಹೊರಡಿಸುವುದಿಲ್ಲ ಎಂದಿತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಅರ್ಜಿಯನ್ನು ತಳ್ಳಿಹಾಕಿತು. ಇದನ್ನೆಲ್ಲ ಬರೆಯುತ್ತ ಕುಳಿತರೆ ಒಬ್ಬ ಸಾಮಾನ್ಯ ವೈದ್ಯ ದಿನಕ್ಕೆ ಹತ್ತು ಹದಿನೈದು ರೋಗಿಗಳಿಗಿಂತ ಹೆಚ್ಚು ನೋಡಲಾಗದು ಎಂಬುದು ಅದರ ಕಾರಣ. ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಂದು ಬೆಳಗ್ಗೆ ಕಳೆದವರು ಈ ಮಾತನ್ನು ತಳ್ಳಿಹಾಕಲಾರರು. ಕಾಸರಗೋಡಿನಿಂದ, ಘಟ್ಟದ ಮೇಲಿನಿಂದ ರಾತ್ರಿಯ ಬಸ್ಸು ಹಿಡಿದು ಬಂದವರ ಸಾಲು ಅಲ್ಲಿರುತ್ತದೆ. ಆದರೂ ತೀರ್ಪು ಓದಿದಾಗ ನನಗೆ ಒಂದು ಕೊರತೆ ಕಂಡಿತು. ಹೊಣೆ ಫಾರ್ಮಸಿಸ್ಟರದ್ದು ಎಂದ ಮೇಲೆ, ಅವರು ಅದನ್ನು ಮಾಡುತ್ತಿದ್ದಾರೆಯೇ ಎಂದೂ ವಿಚಾರಿಸಬೇಕಿತ್ತು.

ಏಕೆಂದರೆ ಆ ಹೊಣೆ ಸಣ್ಣದಲ್ಲ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳನ್ನು ನೋಡಿ. ಚೀಟಿಯ ಮದ್ದು ಕೊಡುವಾಗ ನೋಂದಾಯಿತ ಫಾರ್ಮಸಿಸ್ಟ್ ರೋಗಿಯೊಂದಿಗೆ ಮಾತಾಡಬೇಕು: ಮದ್ದು ಯಾವುದು, ಯಾಕೆ, ಎಷ್ಟು, ಹೇಗೆ, ಸಾಮಾನ್ಯವಾಗಿ ಎದುರಾಗಬಹುದಾದ ಮುಖ್ಯ ತೊಂದರೆಗಳೇನು, ಬೇರೆ ಮದ್ದಿನ ಜೊತೆ ಹೊಂದುತ್ತದೆಯೇ, ಹೊತ್ತು ತಪ್ಪಿದರೆ ಏನು ಮಾಡಬೇಕು. ಇದು ದಯೆಯಿಂದ ಮಾಡುವ ಉಪಕಾರವಲ್ಲ, ವೃತ್ತಿಯ ಕಟ್ಟಳೆ. ಈಗ ಸಂಜೆ ಏಳರ ಹೊತ್ತಿಗೆ ಹಂಪನಕಟ್ಟೆಯದೋ ಕಂಕನಾಡಿಯದೋ ಒಂದು ಮೆಡಿಕಲ್ ಮುಂದೆ ನಿಲ್ಲಿ. ಕೌಂಟರಿನ ಉದ್ದಕ್ಕೂ ಕೈಗಳು, ಕೈಗಳಲ್ಲಿ ಚೀಟಿಗಳು. ಒಳಗಿನ ಹುಡುಗ ಚೀಟಿಯ ಮೇಲೆ ಕಣ್ಣು ಹಾಯಿಸಿ, ಖಾನೆ ಎಳೆದು, ಕತ್ತರಿಯಿಂದ ನಾಲ್ಕು ಮಾತ್ರೆ ಕತ್ತರಿಸಿ, ಕಾಕಿ ಕವರಿನ ಮೇಲೆ ಪೆನ್ನಿನಲ್ಲಿ 1-0-1 ಎಂದು ಗೀಚಿ ‘ಊಟದ ನಂತರ’ ಎನ್ನುತ್ತಾನೆ. ಎರಡೇ ಪದ. ಕತ್ತರಿಸುವಾಗ ಬ್ಯಾಚ್ ಸಂಖ್ಯೆ, ಅವಧಿ ಮುದ್ರಿಸಿದ ತುದಿ ನಿಮ್ಮ ಪಾಲಿಗೆ ಬಂದರೆ ಅದೃಷ್ಟ. ಪರವಾನಗಿಯನ್ನು ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕಿರುತ್ತಾರೆ, ಆದರೆ ಅದರಲ್ಲಿ ಹೆಸರಿರುವ ಫಾರ್ಮಸಿಸ್ಟ್ ಆ ಹೊತ್ತಿಗೆ ಅಂಗಡಿಯಲ್ಲಿದ್ದಾರೆಯೇ ಎಂದು ನಾವು ಕೇಳುವುದಿಲ್ಲ. ಕೇಳಿ. ಬಿಳಿ ಕೋಟು, ಹೆಸರಿನ ಬಿಲ್ಲೆ ಹಾಕಿಕೊಂಡಿರಬೇಕು ಎಂಬುದೂ ಅದೇ ನಿಯಮದಲ್ಲಿದೆ. ಜನ ಕಡಿಮೆ ಇರುವ ಮಧ್ಯಾಹ್ನ ಹೋಗಿ, ‘ಮಾರಾಯ್ರೇ, ಈ ಮದ್ದಿನಿಂದ ಏನಾದರೂ ತೊಂದರೆ ಬಂದರೆ ನನಗೆ ಮೊದಲು ಗೊತ್ತಾಗುವುದು ಹೇಗೆ?’ ಎಂದು ವಿಚಾರಿಸಿ. ಒಳ್ಳೆಯ ಫಾರ್ಮಸಿಸ್ಟರಿಗೆ ಈ ಪ್ರಶ್ನೆ ಖುಷಿ ಕೊಡುತ್ತದೆ. ಓದಿದ್ದನ್ನು ಹೇಳಲು ಅವರಿಗೂ ಅವಕಾಶ ಸಿಗುವುದು ಅಪರೂಪ. ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ವಿವರಿಸಬಲ್ಲವರು ಅವರೇ. ಕನ್ನಡದಲ್ಲಿ ಚೀಟಿ ಅಚ್ಚಾದರೂ ಈ ಊರಿಗೆ ಅದು ಪೂರ್ತಿ ಸಾಲದು.

ವೈದ್ಯರು ಬಾಯಿಬಿಡದಿರಲು ಪುರುಸೊತ್ತಿಲ್ಲದ್ದು ಒಂದೇ ಕಾರಣವಲ್ಲ. ಇನ್ನೊಂದನ್ನು ಅವರು ಖಾಸಗಿಯಾಗಿ ಹೇಳುತ್ತಾರೆ: ಹೇಳಿದರೆ ಜನ ಹೆದರಿ ಮಾತ್ರೆ ಬಿಟ್ಟುಬಿಡುತ್ತಾರೆ. ಈ ಭಯದಲ್ಲಿ ಹುರುಳಿದೆ. ಅದನ್ನು ಒರೆಗೆ ಹಚ್ಚಲು ಮಂಗಳೂರಿಗಿಂತ ಒಳ್ಳೆಯ ಊರು ಸಿಗದು, ಯಾಕೆಂದರೆ ಇದು ಮಲೇರಿಯಾ ಕಂಡ ಊರು.

1990ರ ದಶಕದಲ್ಲಿ ಇಲ್ಲಿ ಕಟ್ಟಡಗಳು ಏಳತೊಡಗಿದಾಗ ಮಲೇರಿಯಾ ಮರಳಿ ಬಂತು. ಕ್ಯೂರಿಂಗಿಗೆ ನಿಲ್ಲಿಸಿದ ನೀರು, ಮುಚ್ಚದ ಓವರ್‌ಹೆಡ್ ಟ್ಯಾಂಕು, ಊರೂರಿನಿಂದ ಬಂದ ಕೂಲಿಕಾರರ ಶೆಡ್ಡುಗಳು, ನಗರದ ನೀರಿನಲ್ಲೇ ಮರಿಯಿಡುವ ಅನಾಫಿಲಿಸ್ ಸ್ಟೀಫನ್ಸೈ ಸೊಳ್ಳೆ. ಮುಂದೆ 2015ರಿಂದ ಪಾಲಿಕೆಯವರು ಟ್ಯಾಬ್ಲೆಟ್ ಸಾಧನ ಹಿಡಿದು, ಒಂದೊಂದು ಪ್ರಕರಣವನ್ನೂ ಸಾಫ್ಟ್‌ವೇರಿನಲ್ಲಿ ದಾಖಲಿಸಿ ಹಿಂಬಾಲಿಸಿದ್ದು ಪಾಲಿಕೆಗಳ ಚರಿತ್ರೆಯಲ್ಲಿ ನೆನಪಿಡಬೇಕಾದ ಕೆಲಸ. ಇಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಜಾತಿಯ ಮಲೇರಿಯಾ. ಅದರ ಪರಾವಲಂಬಿ ಜ್ವರ ಇಳಿದ ಮೇಲೂ ಪಿತ್ತಜನಕಾಂಗದಲ್ಲಿ ಅಡಗಿ ಕೂತು ವಾರಗಳ, ತಿಂಗಳುಗಳ ನಂತರ ಎದ್ದು ಬರುತ್ತದೆ. ಮೂರು ದಿನದ ಕ್ಲೋರೋಕ್ವಿನ್ ಜ್ವರ ಇಳಿಸುತ್ತದೆ. ಅಡಗಿದ್ದನ್ನು ಕೊಲ್ಲಲು ಪ್ರೈಮಾಕ್ವಿನ್ ಬೇಕು, ಹದಿನಾಲ್ಕು ದಿನ, ಒಂದು ದಿನವೂ ಬಿಡದಂತೆ. ಮೂರನೇ ದಿನಕ್ಕೆ ಆರಾಮವಾಗಿ ಕೆಲಸಕ್ಕೆ ಹೋಗುವವನಿಗೆ ಇನ್ನೂ ಹನ್ನೊಂದು ದಿನ ಮಾತ್ರೆ ನುಂಗಿಸುವುದು ಎಂಥ ಕಷ್ಟವೆಂದು ಯಾವ ಆರೋಗ್ಯ ಕಾರ್ಯಕರ್ತೆಯನ್ನು ಬೇಕಾದರೂ ಕೇಳಿ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ನೋವು ಬೇರೆ. ಅಡ್ಡಪರಿಣಾಮದ ಪಟ್ಟಿ ಓದಿ ಹೇಳಿದರೆ ಮುಗಿಯಿತು, ನಾಳೆಯಿಂದಲೇ ಮಾತ್ರೆ ಕಸದಬುಟ್ಟಿಗೆ.

ಆದರೆ ಅದೇ ಪ್ರೈಮಾಕ್ವಿನ್ ಕೆಲವರ ರಕ್ತವನ್ನು ಒಡೆಯುತ್ತದೆ. ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವವರಲ್ಲಿ ಈ ಮದ್ದು ಬಿದ್ದ ಎರಡು ಮೂರು ದಿನಕ್ಕೆ ಕಣಗಳು ಒಡೆಯತೊಡಗುತ್ತವೆ. ಮೂತ್ರ ಕಪ್ಪಗೆ, ಚಾ ಕಷಾಯದ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿಯಾಗುತ್ತದೆ, ಉಸಿರು ಮೇಲಕ್ಕೆ ಬರುತ್ತದೆ. ಕೊರತೆಯ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿ ಇರುವುದರಿಂದ ಗಂಡಸರಲ್ಲಿ ಹೆಚ್ಚು. ಬೇರೆ ಹೊತ್ತಿನಲ್ಲಿ ಅವರು ಪೂರ್ಣ ಆರೋಗ್ಯವಂತರು, ತಮಗೆ ಹೀಗೊಂದು ಕೊರತೆಯಿದೆ ಎಂದು ಅವರಿಗೇ ಗೊತ್ತಿರುವುದಿಲ್ಲ. ಹಾಗಾಗಿಯೇ ರಾಷ್ಟ್ರೀಯ ಮಲೇರಿಯಾ ಚಿಕಿತ್ಸಾ ನೀತಿ, ಗರ್ಭಿಣಿಯರಿಗೂ ಒಂದು ವರ್ಷದೊಳಗಿನ ಕೂಸುಗಳಿಗೂ ಈ ಕೊರತೆ ಇರುವವರಿಗೂ ಹದಿನಾಲ್ಕು ದಿನದ ಈ ಚಿಕಿತ್ಸೆ ಬೇಡ ಎಂದಿದೆ. ಮಾತ್ರೆ ಪಡೆದ ಪ್ರತಿಯೊಬ್ಬರಿಗೂ, ಮೂತ್ರ ಕಪ್ಪಾದರೆ, ಕಣ್ಣು ಹಳದಿಯಾದರೆ, ತುಟಿ ನೀಲಿಗಟ್ಟಿದರೆ, ಉಬ್ಬಸ ಬಂದರೆ ಮಾತ್ರೆ ನಿಲ್ಲಿಸಿ ತಕ್ಷಣ ಬನ್ನಿ ಎಂದು ಹೇಳಿ ಕಳಿಸಬೇಕೆಂದೂ ಹೇಳಿದೆ.

ಒಂದೇ ಮದ್ದಿಗೆ ಎರಡು ಮಾತು: ಜ್ವರ ಬಿಟ್ಟಿತೆಂದು ನಿಲ್ಲಿಸಬೇಡಿ, ಮೂತ್ರ ಕಪ್ಪಾದರೆ ಒಂದು ಗಳಿಗೆಯೂ ಮುಂದುವರಿಸಬೇಡಿ. ಮೊದಲನೆಯದನ್ನಷ್ಟೇ ಹೇಳಿದರೆ ವಿಧೇಯ ರೋಗಿಯೇ ಹೆಚ್ಚು ಅಪಾಯಕ್ಕೆ ಬೀಳುತ್ತಾನೆ. ಎರಡನ್ನೂ ಹೇಳಲು ಅರ್ಧ ನಿಮಿಷ ಸಾಕು. ಜನ ಮಾತ್ರೆ ಬಿಡುವುದು ಮಾಹಿತಿ ಸಿಕ್ಕಿದ್ದಕ್ಕಲ್ಲ, ಪಟ್ಟಿ ಸಿಕ್ಕಿದ್ದಕ್ಕೆ ಎಂಬುದು ನನ್ನ ಅನಿಸಿಕೆ. ನಲವತ್ತು ತೊಂದರೆಗಳನ್ನು ಒಂದೇ ದನಿಯಲ್ಲಿ ಓದಿದರೆ ಯಾರಿಗಾದರೂ ದಿಗಿಲು. ಅದರಲ್ಲಿ ಯಾವುದನ್ನು ಸಹಿಸಿಕೊಳ್ಳಬೇಕು, ಯಾವುದಕ್ಕೆ ಮುಂದಿನ ಭೇಟಿಯವರೆಗೆ ಕಾಯಬಹುದು, ಯಾವುದಕ್ಕೆ ಈಗಲೇ ಆಟೋ ಹಿಡಿಯಬೇಕು ಎಂದು ವಿಂಗಡಿಸಿ ಕೊಟ್ಟರೆ ದಿಗಿಲು ಕಡಿಮೆಯಾಗುತ್ತದೆ. ನಿಮ್ಮ ಅಮ್ಮನ ಪಾದದ ಬಾವು ಎರಡನೆಯ ಗುಂಪಿನದು. ಹೊಸ ಮಾತ್ರೆ ಶುರುವಾದ ಮೇಲೆ ಜ್ವರದೊಂದಿಗೆ ಮೈಮೇಲೆ ಗುಳ್ಳೆ, ಬಾಯಿಯೊಳಗೆ ಹುಣ್ಣು, ಮುಖ ಅಥವಾ ತುಟಿ ಬಾಯುವುದು, ಇವು ಯಾವ ಮದ್ದಿನಿಂದಾದರೂ ಮೂರನೆಯ ಗುಂಪಿನವು.

ಪ್ರೈಮಾಕ್ವಿನ್ ವಿಷಯ ನಮಗೆ ಗೊತ್ತಾದ ಬಗೆಯೂ ಹೇಳಬೇಕಾದದ್ದೇ. ಅಮೆರಿಕದ ಇಲಿನಾಯ್ಸ್ ರಾಜ್ಯದ ಸ್ಟೇಟ್‌ವಿಲ್ ಜೈಲಿನಲ್ಲಿ, ಎರಡನೇ ಮಹಾಯುದ್ಧದ ಕಾಲದಿಂದ ಕೈದಿಗಳಿಗೆ ಮಲೇರಿಯಾ ತಗುಲಿಸಿ ಮದ್ದು ಪರೀಕ್ಷಿಸುತ್ತಿದ್ದರು. ಕೊರಿಯಾ ಯುದ್ಧದಿಂದ ಮರಳುವ ಸೈನಿಕರಿಗೆ ಪ್ರೈಮಾಕ್ವಿನ್ ಕೊಡುವ ಹೊತ್ತಿಗೆ ಕೆಲವರಲ್ಲಿ, ಹೆಚ್ಚಾಗಿ ಕಪ್ಪು ಜನರಲ್ಲಿ, ರಕ್ತ ಒಡೆಯುವುದು ಗಮನಕ್ಕೆ ಬಂದಿತ್ತು. ಯಾಕೆಂದು ಹುಡುಕುತ್ತ ಹೋದ ಸಂಶೋಧಕ ಆಲ್ವಿಂಗ್ ಮತ್ತು ಜೊತೆಗಾರರ ತಂಡ 1956ರಲ್ಲಿ ಜಿ6ಪಿಡಿ ಕೊರತೆಯನ್ನು ಗುರುತಿಸಿತು. ಬೇಡ ಎನ್ನಲಾಗದ ಸ್ಥಿತಿಯಲ್ಲಿದ್ದವರ ಮೈಯಿಂದ ಬಂದ ತಿಳಿವಳಿಕೆ ಅದು. ಇಂದು ಮಂಗಳೂರಿನ ಮಲೇರಿಯಾ ರೋಗಿಗೆ ಹೇಳಬೇಕಾದ ಎಚ್ಚರಿಕೆಗೆ ಅವರು ಬೆಲೆ ತೆತ್ತಿದ್ದಾರೆ. ಅದನ್ನು ರೋಗಿಗೆ ಹೇಳದೆ ಉಳಿಸಿಕೊಳ್ಳುವುದಕ್ಕೆ ಯಾರಿಗೂ ಅಧಿಕಾರವಿಲ್ಲ.

ಇಂದೂ ಒಂದು ಮದ್ದು ಪೇಟೆಗೆ ಬರುವ ಮುನ್ನ ಸಾಮಾನ್ಯವಾಗಿ ಕೆಲವು ನೂರು, ಹೆಚ್ಚೆಂದರೆ ಕೆಲವು ಸಾವಿರ ಜನರ ಮೇಲೆ ಪರೀಕ್ಷೆಯಾಗಿರುತ್ತದೆ. ಹತ್ತು ಸಾವಿರಕ್ಕೆ ಒಬ್ಬರಿಗೆ ಆಗುವ ತೊಂದರೆ ಅಲ್ಲಿ ಕಾಣಿಸುವುದೇ ಇಲ್ಲ. ಲಕ್ಷಾಂತರ ಜನ ನುಂಗಿದ ಮೇಲೆ, ಅವರಲ್ಲಿ ಯಾರಾದರೂ ವರದಿ ಮಾಡಿದರೆ ಮಾತ್ರ ಹೊರಬರುತ್ತದೆ. ಗರ್ಭಿಣಿಯರೂ ನುಂಗುತ್ತಿದ್ದ ಥಾಲಿಡೊಮೈಡ್ ಎಂಬ ಮದ್ದು ಜರ್ಮನಿಯಲ್ಲಿ 1957ರಲ್ಲಿ ಬಂದು 1961ರ ನವೆಂಬರಿನಲ್ಲಿ ಹಿಂದೆ ಸರಿಯುವ ತನಕ ಸಾವಿರಾರು ಕೂಸುಗಳು ಮುರುಟಿದ ಕೈಕಾಲುಗಳೊಂದಿಗೆ ಹುಟ್ಟಿದವು. ಅದರ ನಂತರ, 1968ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಇಂಥ ವರದಿಗಳನ್ನು ಒಂದೆಡೆ ಸೇರಿಸುವ ಕೆಲಸ ಶುರುಮಾಡಿತು. ಭಾರತ ಅದಕ್ಕೆ ಸೇರಿದ್ದು 1998ರಲ್ಲಿ; ಗಟ್ಟಿಯಾಗಿ ಕೆಲಸ ಹಿಡಿದದ್ದು 2010ರ ಜುಲೈಯಲ್ಲಿ ಭಾರತೀಯ ಔಷಧ ನಿಗಾ ಕಾರ್ಯಕ್ರಮ ಹುಟ್ಟಿದ ಮೇಲೆ. ಅದರ ಕೇಂದ್ರ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ.

ಅದು ಮಾಡುವ ಕೆಲಸದ ಒಂದು ಮಾದರಿ ನಿಮಗೆ ಗೊತ್ತಿರಬಹುದು. 2023ರ ನವೆಂಬರ್ 30ರಂದು ಆಯೋಗ ಮೆಫೆನಾಮಿಕ್ ಆಮ್ಲದ ಬಗ್ಗೆ ಎಚ್ಚರಿಕೆ ಹೊರಡಿಸಿತು. ಹೆಸರು ಕೇಳಿಲ್ಲವೆಂದರೆ ಮೆಫ್ತಾಲ್ ಎನ್ನುತ್ತೇನೆ; ಮುಟ್ಟಿನ ಹೊಟ್ಟೆನೋವಿಗೆ ಅದನ್ನು ಬ್ಯಾಗಿನಲ್ಲಿಟ್ಟುಕೊಳ್ಳದ ಕಾಲೇಜು ಹುಡುಗಿಯರು ಕಡಿಮೆ. ಅಪರೂಪಕ್ಕೆ ಅದರಿಂದ ‘ಡ್ರೆಸ್’ ಎಂಬ ತೀವ್ರ ಅಲರ್ಜಿ ಬರಬಹುದು, ಮದ್ದು ಶುರುಮಾಡಿದ ಎರಡರಿಂದ ಎಂಟು ವಾರದೊಳಗೆ ಜ್ವರ, ಮೈಗುಳ್ಳೆ, ಗಂಟಲ ಗ್ರಂಥಿ ಊತ ಕಾಣಿಸಿಕೊಂಡು ಒಳಗಿನ ಅಂಗಗಳಿಗೂ ಪೆಟ್ಟಾಗಬಹುದು ಎಂದು. ನಮ್ಮ ದೇಶದಲ್ಲೇ ಸೇರಿದ ವರದಿಗಳನ್ನು ಜಾಲಾಡಿ ಕಂಡುಕೊಂಡದ್ದು ಇದು. ಪತ್ರಿಕೆಗಳು ಎರಡು ದಿನ ಗದ್ದಲ ಮಾಡಿದವು, ಆಮೇಲೆ ಎಲ್ಲ ಮೊದಲಿನಂತೆ. ಇಂಥ ಎಚ್ಚರಿಕೆಗಳು ಆಗಾಗ ಹೊರಡುತ್ತಲೇ ಇರುತ್ತವೆ. ಮಂಗಳೂರಿನ ಮೆಡಿಕಲ್ ಕೌಂಟರಿನ ಗಾಜಿಗೆ ಒಂದನ್ನಾದರೂ ಅಂಟಿಸಿದ್ದು ನಾನು ಕಂಡಿಲ್ಲ. ಟೂತ್‌ಪೇಸ್ಟಿನ ಆಫರ್ ಅಂಟಿಸಲು ಮಾತ್ರ ಜಾಗವಿದೆ.

ನೀವು ಮಾಡಬಹುದಾದದ್ದು ಇಲ್ಲಿದೆ. 1800-180-3024 ಎಂಬ ಔಷಧ ನಿಗಾ ಕಾರ್ಯಕ್ರಮದ ಉಚಿತ ಸಂಖ್ಯೆಗೆ ಕೆಲಸದ ದಿನಗಳಲ್ಲಿ ಕಚೇರಿಯ ಹೊತ್ತಿಗೆ ಕರೆಮಾಡಿ ರೋಗಿಯೇ, ಮನೆಯವರೇ ತೊಂದರೆಯನ್ನು ತಿಳಿಸಬಹುದು. ವೈದ್ಯರ ಅನುಮತಿ ಬೇಕಿಲ್ಲ. ಬಳಕೆದಾರರಿಗೆಂದೇ ಒಂದು ಅರ್ಜಿ ನಮೂನೆ ಇದೆ, ಕನ್ನಡದಲ್ಲೂ ಇದೆ. ರೋಗಿಯ ಹೆಸರಿನ ಮೊದಲಕ್ಷರ, ವಯಸ್ಸು, ಅನುಮಾನ ಇರುವ ಮದ್ದು, ಆದ ತೊಂದರೆ, ತಿಳಿಸಿದವರು ಯಾರು ಎಂಬಷ್ಟು ಮುಖ್ಯ. ಮದ್ದಿನಿಂದಲೇ ಆಯಿತೆಂದು ನೀವು ಸಾಧಿಸಬೇಕಾಗಿಲ್ಲ, ಅನುಮಾನ ಸಾಕು. ಹೊಸದೋ ಹಳೆಯದೋ, ಸಣ್ಣದೋ ದೊಡ್ಡದೋ, ಎಲ್ಲವನ್ನೂ ತೆಗೆದುಕೊಳ್ಳುತ್ತಾರೆ. ವಿವರ ಗುಟ್ಟಾಗಿರುತ್ತದೆ, ವೈದ್ಯರ ಮೇಲೆ ದೂರು ಕೊಟ್ಟಂತಲ್ಲ, ಅವರ ಮೇಲೆ ಕೇಸೂ ಆಗುವುದಿಲ್ಲ. ನಿಮ್ಮ ಊರಿನಲ್ಲಿ ವೈದ್ಯಕೀಯ ಕಾಲೇಜುಗಳಿಗಂತೂ ಬರವಿಲ್ಲ. ಅವುಗಳಲ್ಲಿ ಔಷಧ ನಿಗಾ ಸಮಿತಿ ಇರಬೇಕೆಂಬ ನಿಯಮವಿದೆ, ಫಾರ್ಮಕಾಲಜಿ ವಿಭಾಗದಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಹೋಗುವಾಗ ಸ್ಟ್ರಿಪ್, ಬಿಲ್ಲು, ಚೀಟಿ ಕೈಯಲ್ಲಿರಲಿ. ಇನ್ನು ಮುಂದೆ ಬ್ಯಾಚ್ ಸಂಖ್ಯೆ ಇರುವ ತುದಿಯನ್ನೇ ಕೊಡಿ ಎಂದು ಕೇಳಿ, ಇಲ್ಲವಾದರೆ ಕವರಿನ ಮೇಲೆ ಬರೆಸಿಕೊಳ್ಳಿ.

ಬ್ಯಾಚ್ ಸಂಖ್ಯೆಗೆ ಇಷ್ಟು ಹಟ ಯಾಕೆಂದರೆ, ಮದ್ದಿನ ಸ್ವಭಾವದಿಂದ ಬರುವ ತೊಂದರೆ ಬೇರೆ, ಮದ್ದೇ ಕೆಟ್ಟದ್ದಾಗಿ ಬರುವ ತೊಂದರೆ ಬೇರೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಅನುಮಾನ ಹೋದದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅದೇ ದ್ರಾವಣದ ಬ್ಯಾಚ್‌ಗಳ ಬಗ್ಗೆ ರಾಜ್ಯಕ್ಕೆ ಮೊದಲೇ ಸಂಶಯ ಬಂದು, ಪರೀಕ್ಷಾ ವರದಿಗಳ ಹಗ್ಗಜಗ್ಗಾಟ ನಡೆದಿತ್ತು ಎಂಬುದು ಹೊರಬಂದದ್ದು ಸಾವುಗಳ ನಂತರ. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಗುಣಮಟ್ಟದಲ್ಲಿ ಸೋತ ಮದ್ದುಗಳ ಪಟ್ಟಿಯನ್ನು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ತಿಂಗಳು ತಿಂಗಳು ಪ್ರಕಟಿಸುತ್ತದೆ, ಬ್ಯಾಚ್ ಸಂಖ್ಯೆ ಸಮೇತ. ಕತ್ತರಿಸಿ ಕೊಟ್ಟ ನಾಲ್ಕು ಮಾತ್ರೆ ಹಿಡಿದ ರೋಗಿಗೆ ಆ ಪಟ್ಟಿಯಿಂದ ಪ್ರಯೋಜನವಿಲ್ಲ.

ಪರಿಹಾರ ಕೇಳುವುದಾದರೆ ದಾರಿ ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಸರಿಯಾದ ಎಚ್ಚರಿಕೆ ಕೊಡದೆ ಮಾರಿದ ವಸ್ತುವಿನಿಂದ ಹಾನಿಯಾದರೆ ತಯಾರಕರನ್ನು ಹೊಣೆ ಮಾಡುತ್ತದೆ. ಮಂಗಳೂರಿನಲ್ಲೇ ಜಿಲ್ಲಾ ಆಯೋಗವಿದೆ. ನಿಮ್ಮ ಅಮ್ಮನಂಥ, ಕಾಗದದಲ್ಲಿ ಮೊದಲೇ ಬರೆದಿರುವ ಸಾಮಾನ್ಯ ತೊಂದರೆಗೆ ಅಲ್ಲಿ ಹೋಗಿ ಗೆಲ್ಲುವುದು ಕಷ್ಟ, ಹೋಗಲು ನಾನು ಹೇಳುವುದೂ ಇಲ್ಲ.

ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದೇ ಎಂದು ಕೇಳಿದ್ದೀರಿ. ಮದ್ದಿನ ಕಂಪನಿಗೆ, ಖಾಸಗಿ ಆಸ್ಪತ್ರೆಗೆ ಹಾಕಲಾಗದು. ಅವು ಸಾರ್ವಜನಿಕ ಪ್ರಾಧಿಕಾರಗಳಲ್ಲ. ಫಾರ್ಮಕೋಪಿಯಾ ಆಯೋಗಕ್ಕೆ, ಔಷಧ ನಿಯಂತ್ರಣದ ಕಚೇರಿಗಳಿಗೆ ಹಾಕಬಹುದು. ಒಬ್ಬೊಬ್ಬ ರೋಗಿಯ ವರದಿ ಕೊಡುವುದಿಲ್ಲ, ಒಟ್ಟು ಲೆಕ್ಕ ಕೇಳಬಹುದು. ವ್ಯಾಪಾರದ ಗುಟ್ಟು ಎಂಬ ಕಾರಣ ಕೊಟ್ಟು ನಿರಾಕರಿಸಿದರೂ, ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬೇಕೆಂದು ಎಂಟನೇ ಸೆಕ್ಷನ್ನಿನಲ್ಲೇ ಇದೆ. ಆದರೆ ಆಮ್ಲೊಡಿಪಿನ್‌ನಿಂದ ಕಾಲು ಬಾಯುತ್ತದೆಯೇ ಎಂದು ಕೇಳಲು ಆ ಅರ್ಜಿಯನ್ನು ಖರ್ಚು ಮಾಡಬೇಡಿ, ಅದು ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ನಾನಾಗಿದ್ದರೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆ ಬೆಂಗಳೂರಿನ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿಗೆ ಬರೆಯುತ್ತಿದ್ದೆ: 2015ರ ನಿಯಮದಂತೆ ರೋಗಿಗಳಿಗೆ ಮದ್ದಿನ ತೊಂದರೆಗಳನ್ನು ವಿವರಿಸಲಾಗುತ್ತಿದೆಯೇ ಎಂದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕಳೆದ ಐದು ವರ್ಷಗಳಲ್ಲಿ ಎಷ್ಟು ಅಂಗಡಿಗಳನ್ನು ಪರಿಶೀಲಿಸಿದ್ದೀರಿ, ವಿವರಿಸದಿದ್ದಕ್ಕೆ ಎಷ್ಟು ಜನರ ಮೇಲೆ ಕ್ರಮ ಕೈಗೊಂಡಿದ್ದೀರಿ, ವರ್ಷವಾರು ತಿಳಿಸಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು. ಇದು ಅದರೊಳಗೇ ಮುಗಿಯುತ್ತದೆ. ಉತ್ತರಕ್ಕೆ ಅವರಿಗೆ ಮೂವತ್ತು ದಿನ. ಬಂದರೆ ನಮಗೂ ಒಂದು ಪ್ರತಿ ಕಳಿಸಿ, ಇಲ್ಲೇ ಅಚ್ಚು ಹಾಕೋಣ.